ಸೂಲಗಿತ್ತಿಯರ ಪರೀಕ್ಷೆ

ರುದ್ರಾಣಿ ಮೈಸೂರಿನಲ್ಲಿ ಹತ್ತು ತಿಂಗಳು ಕಲಿತು, ಮಿಡ್‌ವೈಫ್ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೊದಲನೆಯವಳಾಗಿ ಪಾಸಾದಳು. ಆ ಹೊತ್ತಿಗೆ ಅವಳ ಕೈಮೇಲೆ ಒಂದೇ ಒಂದು ಮಗುವೂ ಹುಟ್ಟಿರಲಿಲ್ಲ.

ಅದರಲ್ಲಿ ಅವಳ ತಪ್ಪೇನೂ ಇರಲಿಲ್ಲ. ತರಬೇತಿಗೆ ಸೇರಿದ್ದವರು ಹದಿನೆಂಟು ಜನ. ಹೆರಿಗೆಯ ಮಂಚ ಎರಡು. ಮುಂದೆ ನಿಂತವರು ಹೆರಿಗೆ ನೋಡಿದರು, ಹಿಂದೆ ನಿಂತವರು ಮುಂದಿನವರ ಬೆನ್ನು ನೋಡಿದರು. ರುದ್ರಾಣಿ ಕುಳ್ಳಿ, ಮೇಲಾಗಿ ನುಗ್ಗುವ ಸ್ವಭಾವದವಳಲ್ಲ. ಹದಿನಾಲ್ಕು ಹೆರಿಗೆಗೆ ಹಾಜರಿದ್ದಳೆಂದು ಅವಳ ಹೆಸರಿನ ಮುಂದೆ ಬರೆದಿತ್ತು. ಅವಳು ಕಂಡದ್ದು ಹದಿನಾಲ್ಕು ಸಲ ಮುಂದಿನವಳ ತುರುಬು. ಆದರೆ ಪುಸ್ತಕ ಮಾತ್ರ ಅವಳಿಗೆ ಮೊದಲಿಂದ ಕೊನೆಯವರೆಗೆ ಬಾಯಿಗೆ ಬರುತ್ತಿತ್ತು. ಪರೀಕ್ಷೆಯಲ್ಲಿ ಕೇಳಿದ್ದೂ ಪುಸ್ತಕವನ್ನೇ.

ಅವಳು ನಂಜನಗೂಡಿನವಳು. ಹದಿನಾರಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ಅಣ್ಣ ಗಂಗಾಧರಸ್ವಾಮಿ ಪೇಟೆ ಬೀದಿಯಲ್ಲಿ ಜವಳಿ ಅಂಗಡಿ ಇಟ್ಟಿದ್ದ. ಓದು ಬರಹ ಬಲ್ಲ ವಿಧವೆಯರಿಗೆ ಅನುಕೂಲವಾಗಲೆಂದು ಸರ್ಕಾರದವರು ಸೂಲಗಿತ್ತಿ ವಿದ್ಯೆ ಕಲಿಸುತ್ತಾರಂತೆ ಎಂಬ ಸುದ್ದಿ ಬಂದಾಗ, ಆ ಅನುಕೂಲ ತನಗೂ ಇದೆಯೆಂದು ಅವನಿಗೆ ಹೊಳೆಯಿತು. ಒಂದೇ ವಾರದಲ್ಲಿ ತಂಗಿಯನ್ನು ರೈಲು ಹತ್ತಿಸಿದ. ಅತ್ತಿಗೆ ಸ್ಟೇಷನ್ನಿನವರೆಗೂ ಬಂದು ಕಣ್ಣೊರೆಸಿಕೊಂಡಳು. ಮನೆಗೆ ಹೋಗಿ ರುದ್ರಾಣಿಯ ಕೋಣೆಯಲ್ಲಿ ಬಟ್ಟೆಯ ಗಂಟು ಪೇರಿಸಿದಳು.

ಪಾಸಾದ ಮೇಲೆ ಅವಳನ್ನು ಟಿ. ನರಸೀಪುರದ ಡಿಸ್ಪೆನ್ಸರಿಗೆ ಹಾಕಿದರು. ಹೊಳೆಯ ಕಡೆಗೆ ಬಾಗಿಲಿದ್ದ ಒಂದು ಕೋಣೆ, ಒಂದು ಚರ್ಮದ ಚೀಲ, ಅದರಲ್ಲಿ ಕತ್ತರಿ, ದಾರ, ಕಾರ್ಬಾಲಿಕ್ ಸಾಬೂನು, ಮತ್ತು ಹೆರಿಗೆಗಳನ್ನು ಬರೆದಿಡಲು ಒಂದು ದಪ್ಪ ರಿಜಿಸ್ಟರು. ಮೊದಲ ನಾಲ್ಕು ತಿಂಗಳು ಆ ರಿಜಿಸ್ಟರಿನಲ್ಲಿ ಅವಳು ಬರೆದದ್ದು ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ.

ಯಾರೂ ಅವಳನ್ನು ಕರೆಯಲಿಲ್ಲ. ವಯಸ್ಸು ಇಪ್ಪತ್ತೊಂದು, ಸ್ವಂತಕ್ಕೆ ಒಂದನ್ನೂ ಹೆತ್ತಿಲ್ಲ ಎಂಬುದನ್ನು ಜನ ಹೇಗೋ ಸಹಿಸಿಕೊಳ್ಳುತ್ತಿದ್ದರೇನೋ. ಆದರೆ ಈಗ ತಾನೇ ಕಣ್ಣು ಬಿಟ್ಟ ಕೂಸು ಮೊಟ್ಟಮೊದಲು ನೋಡುವ ಮುಖ ಮುಂಡೆಯದಾಗಿರಬೇಕೆಂದು ಯಾವ ಅಜ್ಜಿ ಒಪ್ಪುತ್ತಾಳೆ? ವಿಧವೆಯರನ್ನೇ ಹುಡುಕಿ ಹುಡುಕಿ ಸೂಲಗಿತ್ತಿಯರನ್ನಾಗಿ ಮಾಡಿದ ಸರ್ಕಾರಕ್ಕೆ ಇದು ಹೊಳೆದಿರಲಿಲ್ಲ.

ಡಿಸ್ಪೆನ್ಸರಿಯ ಡಾಕ್ಟರು ಅಳಸಿಂಗಯ್ಯಂಗಾರ್ಯರು ಪ್ರತಿ ತಿಂಗಳ ಕೊನೆಯಲ್ಲಿ ರಿಜಿಸ್ಟರು ತರಿಸಿಕೊಂಡು ಕನ್ನಡಕ ಏರಿಸುತ್ತಿದ್ದರು.

"ಏನಮ್ಮಾ ರುದ್ರಾಣಿ, ಈ ತಿಂಗಳೂ ಸೊನ್ನೆಯೇ? ಈ ಊರಿನ ಹೆಂಗಸರು ಹೆರೋದನ್ನೇ ಬಿಟ್ಟುಬಿಟ್ಟರೋ?"

"ಇಲ್ಲ ಸ್ವಾಮಿ. ಎಲ್ಲರೂ ಚಿಕ್ಕಮಾದಮ್ಮನನ್ನು ಕರೀತಾರೆ."

"ಯಾರವಳು? ಎಲ್ಲಿ ಪಾಸಾಗಿದ್ದಾಳೆ?"

"ಎಲ್ಲೂ ಇಲ್ಲ ಸ್ವಾಮಿ."

"ಹಾಗಾದರೆ ಅವಳಿಗೆ ಏನೂ ಗೊತ್ತಿರೋಲ್ಲ. ಮುಂದಿನ ತಿಂಗಳು ಕಡಮೆಯೆಂದರೆ ಐದು ತೋರಿಸು. ನಾನು ಮೇಲಿನವರಿಗೆ ಉತ್ತರ ಹೇಳಬೇಕು." ಅವರು ತಮ್ಮ ಸರ್ವೀಸಿನಲ್ಲಿ ಎಂದೂ ಹೆರಿಗೆಯ ಕೋಣೆಗೆ ಕಾಲಿಟ್ಟವರಲ್ಲ, ಯಾರೂ ಗಂಡಸು ಡಾಕ್ಟರನ್ನು ಕರೆದಿರಲಿಲ್ಲ, ಅವರಿಗೂ ಹೋಗಬೇಕೆನಿಸಿರಲಿಲ್ಲ.

ಮಾರನೆಯ ದಿನವೇ ರುದ್ರಾಣಿ ಊರ ಹೊರಗಿನ ಒಕ್ಕಲು ಕೇರಿಗೆ ಹೋದಳು. ಚಿಕ್ಕಮಾದಮ್ಮ ಎಮ್ಮೆಯ ಮೈ ಉಜ್ಜುತ್ತಿದ್ದಳು. ಐವತ್ತೈದು ದಾಟಿದ ಹೆಂಗಸು, ಒಣಗಿದ ಮೈ, ಅದಕ್ಕೆ ಸಲ್ಲದಷ್ಟು ದೊಡ್ಡ ಕೈ. ರುದ್ರಾಣಿ ಹೇಳಿದ್ದನ್ನೆಲ್ಲ ಎಮ್ಮೆಯ ಬೆನ್ನಿನ ಮೇಲಿಂದಲೇ ಕೇಳಿಸಿಕೊಂಡಳು.

"ಅಂಗಾದ್ರೆ ನಾನು ಎರಿಗೆ ಮಾಡ್ಸೋದು, ನೀನು ಬರ್ಕೊಳೋದು."

"ನೋಡಿ ಕಲೀತೀನಿ ದೊಡ್ಡವ್ವ."

"ಮತ್ತೆ ಮೈಸೂರ್ನಾಗೆ ಏನ್ ಕಲ್ತೆ?"

ಬೇರೆ ಯಾರಾದರೂ ಕೇಳಿದ್ದರೆ ರುದ್ರಾಣಿ ಪುಸ್ತಕದಿಂದ ಏನಾದರೂ ಒಪ್ಪಿಸುತ್ತಿದ್ದಳು. ಚಿಕ್ಕಮಾದಮ್ಮ ಅವಳ ಮುಖ ನೋಡಿ, ಎಮ್ಮೆಯ ಮೇಲೆ ಇನ್ನೊಂದು ಚೊಂಬು ನೀರು ಹುಯ್ದಳು. "ನಾಳೀಕೆ ಸೋಮನಾಥಪುರದ ಕಡೆ ಓಗ್ಬೇಕು. ಹರಿಗೋಲು ಕಂಡ್ರೆ ಎದರ್ಕೊಳಲ್ಲ ತಾನೆ?"

ಹರಿಗೋಲಿಗೆ ಅವಳು ಹೆದರಲಿಲ್ಲ. ಹೆದರಿದ್ದು ಆಮೇಲೆ. ಸೋಮನಾಥಪುರದ ದಾರಿಯ ಆ ಹಳ್ಳಿಯಲ್ಲಿ ನೋವು ತಿನ್ನುತ್ತಿದ್ದವಳ ಕೂಸು ಕಾಲು ಮುಂದಾಗಿ ಬರುತ್ತಿತ್ತು. ರುದ್ರಾಣಿಯ ತಲೆಯಲ್ಲಿ ಪುಸ್ತಕದ ಪುಟ ತೆರೆದುಕೊಂಡಿತು. 'ಶಿಶುವಿನ ಪಾದಗಳು ಮೊದಲು ಕಾಣಿಸಿಕೊಂಡಲ್ಲಿ ಕೂಡಲೇ ವೈದ್ಯರನ್ನು ಕರೆಸತಕ್ಕದ್ದು.' ವೈದ್ಯರು ಹೊಳೆಯಾಚೆ ಕಾಫಿ ಕುಡಿಯುತ್ತಿದ್ದರು. ಪುಟ ಅಲ್ಲಿಗೆ ಮುಗಿದಿತ್ತು. ಅವಳ ತುಟಿ ಮಾತ್ರ ಅಲ್ಲಾಡುತ್ತಿತ್ತು.

"ಮಂತ್ರ ಆಮ್ಯಾಕೆ ಏಳೀಯಂತೆ. ಈಗ ಕೈ ಕೊಡು," ಎಂದಳು ಚಿಕ್ಕಮಾದಮ್ಮ. ಅವಳ ಕೈ ಹಿಡಿದು ಬಸುರಿಯ ಹೊಟ್ಟೆಯ ಮೇಲೆ ಇಟ್ಟಳು. "ಇಲ್ಲಿ ಗುಂಡಗೆ ಗಟ್ಟಿಗೆ ಅದೆಯಲ್ಲ, ಅದು ತಲೆ. ನಾನು ಏಳ್ದಾಗ ಮೆತ್ತಗೆ ಅದುಮು. ಎಳೀಬ್ಯಾಡ. ಏನಾದ್ರೂ ಆಗ್ಲಿ, ಎಳೀಬ್ಯಾಡ."

ಕಾಲು ಬಂತು, ನಡು ಬಂತು, ತೋಳು ಬಂತು. ಚಿಕ್ಕಮಾದಮ್ಮ ಕೂಸಿನ ಮೈಗೆ ಬಟ್ಟೆ ಸುತ್ತಿ, ಮುಟ್ಟಿಯೂ ಮುಟ್ಟದ ಹಾಗೆ ಹಿಡಿದುಕೊಂಡು ಕಾದಳು. ಅಷ್ಟು ಹೊತ್ತು ಏನೂ ಮಾಡದೆ ಕಾಯುವುದೂ ಒಂದು ವಿದ್ಯೆಯೆಂದು ರುದ್ರಾಣಿಗೆ ಯಾರೂ ಹೇಳಿರಲಿಲ್ಲ. "ಈಗ," ಎಂದಳು ಮುದುಕಿ. ರುದ್ರಾಣಿ ಅದುಮಿದಳು. ತಲೆ ಹೊರಬಂತು. ಒಂದು ಗಳಿಗೆ ಬಿಟ್ಟು ಕೂಸು ಮನೆ ಹಾರಿಹೋಗುವ ಹಾಗೆ ಅತ್ತಿತು.

ಚಿಕ್ಕಮಾದಮ್ಮ ಸೊಂಟದ ಚೀಲದಿಂದ ಕುಡುಗೋಲು ತೆಗೆದಳು. ಅದರಿಂದಲೇ ಅವಳು ಬೆಳಿಗ್ಗೆ ಎಮ್ಮೆಗೆ ಹುಲ್ಲು ಕೊಯ್ದಿದ್ದಳು. ಅಷ್ಟರವರೆಗೆ ಹೇಳಿದಷ್ಟೇ ಮಾಡುತ್ತಿದ್ದ ರುದ್ರಾಣಿ ಇದ್ದಕ್ಕಿದ್ದ ಹಾಗೆ, "ಅದು ಬೇಡ ದೊಡ್ಡವ್ವ," ಎಂದಳು. ತನ್ನ ದನಿ ಅಷ್ಟು ಗಟ್ಟಿಯಾದದ್ದು ಅವಳಿಗೇ ಅಚ್ಚರಿ. ಕುದಿಸಿದ ನೀರಿನಿಂದ ಕತ್ತರಿ ತೆಗೆದಳು, ದಾರ ತೆಗೆದಳು, ಹೊಕ್ಕುಳಬಳ್ಳಿ ಕಟ್ಟಿ ಕತ್ತರಿಸಿದಳು. ಮನೆಯವರು ಬೂದಿ ಸಗಣಿ ಕಲಸಿ ತಂದಿದ್ದ ಕರಟವನ್ನು ಪಕ್ಕಕ್ಕೆ ಸರಿಸಿ, ಬೇಯಿಸಿ ಒಣಗಿಸಿದ ಬಟ್ಟೆ ಸುತ್ತಿದಳು.

"ಮಾಡ್ಕೊಳ್ಲಿ ಬುಡಿ," ಎಂದಳು ಚಿಕ್ಕಮಾದಮ್ಮ ಮನೆಯವರಿಗೆ. "ಅವಳ ಕೈಗೂ ಒಂದು ಕೆಲಸ ಬ್ಯಾಡವಾ?"

ಅಂದಿನಿಂದ ಒಪ್ಪಂದ ನಿಂತಿತು. ಕೂಸು ಹೊರಗೆ ಬರುವತನಕ ಚಿಕ್ಕಮಾದಮ್ಮ; ಬಂದ ಮೇಲೆ ರುದ್ರಾಣಿಯ ಕತ್ತರಿ, ಆಮೇಲೆ ರುದ್ರಾಣಿಯ ರಿಜಿಸ್ಟರು. ಬಿಡುವಿದ್ದಾಗ ಚಿಕ್ಕಮಾದಮ್ಮ ಗೋಣಿಚೀಲದೊಳಗೆ ಒಂದು ತೆಂಗಿನಕಾಯಿ, ಒಂದು ಎಳೆ ಕುಂಬಳಕಾಯಿ ಹಾಕಿ, ಸುತ್ತ ಹುಲ್ಲು ತುಂಬಿ, "ಕಣ್ಣು ಮುಚ್ಚಿ ಮ್ಯಾಲಿಂದ ಮುಟ್ಟಿ ಏಳು, ತಲೆ ಎಲ್ಲದೆ, ಕುಂಡಿ ಎಲ್ಲದೆ?" ಎಂದು ಕೇಳುವಳು. ತಪ್ಪು ಹೇಳಿದರೆ ಮಂಡಿಗೆ ಒಂದು ಏಟು. ಮೈಸೂರಿನಲ್ಲಿ ಹತ್ತು ತಿಂಗಳಿಗೆ ಬಾರದ್ದು ಅವಳ ಬೆರಳಿಗೆ ಎರಡು ತಿಂಗಳಲ್ಲಿ ಬಂತು.

ವಿಧವೆ ಒಳಗೆ ಬರುವುದಕ್ಕೂ, ಕತ್ತರಿಗೂ ಮನೆಮನೆಯಲ್ಲಿ ತಕರಾರು ಎದ್ದಿತು. ಅದಕ್ಕೂ ಚಿಕ್ಕಮಾದಮ್ಮನೇ ದಾರಿ ಕಂಡಳು. "ನಂಜನಗೂಡಿಂದ ಬಂದಿರೋ ಕತ್ತರಿ ಕಣ್ರವ್ವಾ, ನಂಜು ತೆಗೆಯೋ ಕತ್ತರಿ. ಈವಮ್ಮನೇ ಇಡ್ಕೋಬೇಕು, ಬ್ಯಾರೆಯವರು ಮುಟ್ಟಂಗಿಲ್ಲ," ಎನ್ನುವಳು. ಕೇಳಿದವರು ಕತ್ತರಿಗೆ ಕೈಮುಗಿಯುವರು.

"ಯಾಕೆ ಸುಳ್ಳು ಹೇಳ್ತೀಯ ದೊಡ್ಡವ್ವ?" ಎಂದು ರುದ್ರಾಣಿ ಕೇಳಿದ್ದಕ್ಕೆ, "ನೀನು ನಂಜನಗೂಡಿನೋಳು ತಾನೆ? ಕತ್ತರಿ ನಿಂದು ತಾನೆ? ಇದ್ರಾಗೆ ಸುಳ್ಳು ಎಲ್ಲದೆ?" ಎಂದಳು.

ಹೀಗೆ ಒಂದು ವರ್ಷ ತುಂಬುತ್ತ ಬಂತು. ಒಂದು ಮಧ್ಯಾಹ್ನ ಚಿಕ್ಕಮಾದಮ್ಮ ಡಿಸ್ಪೆನ್ಸರಿಯ ಕೋಣೆಗೆ ತಾನಾಗಿಯೇ ಬಂದು ಹೊಸ್ತಿಲ ಮೇಲೆ ಕೂತಳು. ಎಲೆಯಡಿಕೆ ಹಾಕಿಕೊಳ್ಳಲಿಲ್ಲ.

"ಎಷ್ಟಾದ್ವು, ನಿನ್ನ ಪುಸ್ತಕದಾಗೆ?"

"ನಲವತ್ತೊಂದು."

"ಏಳನೇ ದಿನದ ಸೆಟೆ ಎಷ್ಟಕ್ಕೆ ಬಂತು?"

ಏಳನೇ ದಿನದ ಸೆಟೆಯೆಂದರೆ ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಚೆನ್ನಾಗಿ ಮೊಲೆ ಕುಡಿಯುತ್ತಿದ್ದ ಕೂಸು ಆರೋ ಏಳೋ ದಿನಕ್ಕೆ ಬಾಯಿ ಕಟ್ಟಿ, ಮೈ ಬಿಲ್ಲಿನ ಹಾಗೆ ಬಗ್ಗಿ, ಎರಡು ದಿನದಲ್ಲಿ ಹೋಗಿಬಿಡುತ್ತಿತ್ತು. ಗಾಳಿ ಹೊಡೆಯಿತು ಎನ್ನುತ್ತಿದ್ದರು.

"ಒಂದಕ್ಕೂ ಇಲ್ಲ," ಎಂದಳು ರುದ್ರಾಣಿ. ಈ ಮಾತು ಎಲ್ಲಿಗೆ ಹೋಗುತ್ತದೆಂದು ಅವಳಿಗೆ ಆಗಲೇ ತಿಳಿಯಿತು.

"ವರ್ಸಕ್ಕೆ ನಾಕಾದ್ರೂ ಓಗ್ತಿದ್ವು. ಒಂದು ವರ್ಸ ಏಳು ಓದ್ವು. ನಿನ್ನ ಪುಸ್ತಕದಾಗೆ ಅದುಕ್ಕೆ ಏನಂತ ಬರದವ್ರೆ?"

"ಧನುರ್ವಾಯು ಅಂತ ಬರೆದಿದೆ, ದೊಡ್ಡವ್ವ. ವಾಯು ಅಂದ್ರೆ ಗಾಳಿಯೇ." ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ಚಿಕ್ಕಮಾದಮ್ಮ ಅವಳನ್ನೇ ನೋಡಿದಳು. "ಓದಕ್ಕೆ ಬರದೋಳಿಗೆ ಏಳೋದು ಸಲೀಸು, ಅಲ್ವಾ? ಗಾಳಿ ಮೊದ್ಲಿದ್ದಂಗೇ ಬೀಸ್ತಾ ಅದೆ. ಕೈ ನಂದೇ. ಬದಲಾಗಿರೋದು ಕತ್ತರಿ ಒಂದೇಯ." ಅವಳು ತನ್ನ ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ನೋಡಿಕೊಂಡಳು. "ನನ್ನ ಮಗಳು ಚಿನ್ನಮ್ಮನ ಚೊಚ್ಚಲು. ಗಂಡು ಕೂಸು. ಅದುರ್ದೂ ನಾನೇ ಕುಯ್ದೆ ಕಣವ್ವ."

ಪುಸ್ತಕದಲ್ಲಿ ಅದಕ್ಕೆ ಪುಟವಿರಲಿಲ್ಲ. ರುದ್ರಾಣಿ ಒಂದು ಚೊಂಬು ನೀರು ತಂದುಕೊಟ್ಟಳು. ಚಿಕ್ಕಮಾದಮ್ಮ ಕುಡಿದು, ಚೊಂಬನ್ನು ಬೋರಲು ಹಾಕಿ, ಎದ್ದು ಹೋದಳು. ನಾಲ್ಕು ದಿನ ಯಾರು ಕರೆದರೂ ಮೈ ಸರಿಯಿಲ್ಲವೆಂದು ಹೇಳಿಕಳಿಸಿದಳು. ಐದನೆಯ ದಿನ ಬಂದು, "ಆ ಕಟುಕರ ಬೀದಿಯೋಳಿಗೆ ನೋವು ಎದ್ದದಂತೆ, ನಡಿ," ಎಂದಳು. ಅಂದಿನಿಂದ ಕತ್ತರಿ ಎಷ್ಟು ಹೊತ್ತು ಕುದಿಯಿತೆಂದು ರುದ್ರಾಣಿಗಿಂತ ಅವಳೇ ಹೆಚ್ಚಾಗಿ ವಿಚಾರಿಸತೊಡಗಿದಳು.

ಆ ವರ್ಷವೇ ಮೇಲಿನಿಂದ ಹುಕುಂ ಬಂತು. ತಾಲ್ಲೂಕಿನ ನಾಡ ಸೂಲಗಿತ್ತಿಯರಿಗೆ ಮೂರು ತಿಂಗಳು ಪಾಠ ಹೇಳಿ, ಪರೀಕ್ಷೆ ಮಾಡಿ, ಪಾಸಾದವರಿಗೆ ಸರ್ಟಿಫಿಕೇಟು ಕೊಡತಕ್ಕದ್ದು. ಪಾಠ ಹೇಳಬೇಕಾದವಳು ರುದ್ರಾಣಿ. ಹೇಳಿಸಿಕೊಳ್ಳಬೇಕಾದವರ ಪಟ್ಟಿಯಲ್ಲಿ ಮೊದಲನೆಯ ಹೆಸರು ಚಿಕ್ಕಮಾದಮ್ಮ.

"ನಾನು ಹೇಗೆ ದೊಡ್ಡವ್ವ ನಿನಗೆ ಪಾಠ ಹೇಳಲಿ?" ಎಂದು ಅವಳು ನಾಚಿ ಹೋದಳು.

"ಏಳು ಏಳು. ನೀನು ಮಾತ್ರ ನನ್ನ ಮಂಡಿಗೆ ಒಡೀಬ್ಯಾಡ, ಅಷ್ಟೇಯ."

ಪಟ್ಟಿಯಲ್ಲಿ ಐದು ಜನ ಇದ್ದರು. ನಾಲ್ವರು ನಿಜವಾದ ಸೂಲಗಿತ್ತಿಯರು. ಐದನೆಯವಳು ಪುಟ್ಟಗೌರಮ್ಮ, ತಾಲ್ಲೂಕು ಕಚೇರಿಯ ದಫೇದಾರನ ತಂಗಿ. ಅವಳಿಗೆ ಓದು ಬರುತ್ತಿತ್ತು, ಅಕ್ಷರ ದುಂಡಗಿತ್ತು, ರಕ್ತ ಕಂಡರೆ ತಲೆ ತಿರುಗುತ್ತಿತ್ತು. ವಾರಕ್ಕೊಮ್ಮೆ ಡಾಕ್ಟರು ತಾವೇ ಬಂದು ಗ್ರಂಥದ ಕನ್ನಡದಲ್ಲಿ ಪಾಠ ಓದುತ್ತಿದ್ದರು. ಒಂದು ದಿನ ಗರ್ಭಕೋಶದ ಚಿತ್ರ ಗೋಡೆಗೆ ತೂಗುಹಾಕಿ, ಇದೇನೆಂದು ಕೇಳಿದರು. ಒಬ್ಬಳು ಬೋರಲು ಹಾಕಿದ ಹೂಜಿ ಎಂದಳು. ಇನ್ನೊಬ್ಬಳು ಎತ್ತಿನ ಮುಖ ಎಂದಳು. "ಇದನ್ನೇ ಗುರುತಿಸದ ನೀವು ಇಷ್ಟು ವರ್ಷ ಏನು ಮಾಡುತ್ತಿದ್ದಿರಿ?" ಎಂದು ಡಾಕ್ಟರು ಮರುಗಿದರು. ಹೊರಗಿನಿಂದ ಯಾರೂ ಅದನ್ನು ಕಾಣುವುದಿಲ್ಲವೆಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಅವರು ಹೋದ ಮೇಲೆ ರುದ್ರಾಣಿ ಅದನ್ನೇ ಆಡುವ ಮಾತಿನಲ್ಲಿ ಬಿಡಿಸಿ ಹೇಳುವಳು. ಅವಳು ಎಡವಿದಲ್ಲಿ ಚಿಕ್ಕಮಾದಮ್ಮ ಹೇಳುವಳು. ಸೆಟೆಯ ಪಾಠ ಬಂದ ದಿನ ಚಿಕ್ಕಮಾದಮ್ಮನೇ ಮಾತು ತೆಗೆದುಕೊಂಡು, ಉಳಿದ ಮೂವರು ಮುದುಕಿಯರಿಗೆ, "ಕುಡುಗೋಲಿನ ಕೊಳೆ ಕಣ್ರೇ. ಬೂದಿ, ಸಗಣಿ, ನಮ್ಮ ಉಗುರು. ಇನ್ಮ್ಯಾಕೆ ನೀರು ಕಾಯಿಸ್ದೆ ಯಾವಳಾದ್ರೂ ಕೊಯ್ದ್ಲು ಅಂತ ಗೊತ್ತಾದ್ರೆ ಅವಳ ಕೈ ನಾನು ಮುರೀತೀನಿ," ಎಂದಳು. ಮೂವರೂ ತಲೆ ತಗ್ಗಿಸಿ ಕೂತರು. ಅವರ ಲೆಕ್ಕ ಅವರವರಿಗೆ ನೆನಪಾಗಿತ್ತು. ಪುಟ್ಟಗೌರಮ್ಮ ಮಾತ್ರ ಡಾಕ್ಟರ ವಾಕ್ಯವನ್ನು ದುಂಡಗೆ ಬರೆದುಕೊಂಡಳು.

ಪರೀಕ್ಷೆ ಮಾಡಲು ಮೈಸೂರಿನಿಂದ ದೊಡ್ಡ ಡಾಕ್ಟರೊಬ್ಬರು ಬಂದರು. ಚಾವಡಿಯ ಜಗಲಿಯ ಮೇಲೆ ಮೇಜು ಹಾಕಿದ್ದರು. ಮುದುಕಿಯರು ಪರೀಕ್ಷೆಗೆ ಕೂರುವುದನ್ನು ನೋಡಲು ಊರಿನ ಹೆಂಗಸರೆಲ್ಲ ಜಗಲಿಯ ಕೆಳಗೆ ಸೇರಿದರು. ಎಲ್ಲರಿಗಿಂತ ಮುಂದೆ, ಕಂಬಕ್ಕೆ ಒರಗಿಕೊಂಡು, ಎಣ್ಣೆ ಗಾಣದ ಮನೆಯ ಜವರಮ್ಮ ನಿಂತಿದ್ದಳು. ಅವಳು ಹೆತ್ತದ್ದು ಐದು, ಉಳಿದದ್ದು ಮೂರು. ಎರಡು ಏಳನೇ ದಿನದ ಸೆಟೆಗೆ ಹೋಗಿದ್ದವು. ಐದನ್ನೂ ಹಿಡಿದವಳು ಚಿಕ್ಕಮಾದಮ್ಮ.

ಅಳಸಿಂಗಯ್ಯಂಗಾರ್ಯರು ಚೀಟಿ ತೆಗೆದು ಓದಿದರು. "ನವಜಾತ ಶಿಶುವಿಗೆ ಸಪ್ತಮ ದಿನದಲ್ಲಿ ಸಂಭವಿಸುವ ಧನುರ್ವಾಯುವಿಗೆ ಕಾರಣವೇನು?"

ಚಿಕ್ಕಮಾದಮ್ಮ ರುದ್ರಾಣಿಯ ಕಡೆ ನೋಡಿದಳು.

"ಏಳನೇ ದಿನದ ಸೆಟೆ ಯಾಕೆ ಬರುತ್ತೆ ಅಂತ ಕೇಳ್ತಾ ಇದಾರೆ, ದೊಡ್ಡವ್ವ," ಎಂದಳು ರುದ್ರಾಣಿ. ಇದಕ್ಕಿಂತ ಸುಲಭದ ಪ್ರಶ್ನೆ ಬರಲಾರದೆಂದು ಅವಳ ಎದೆ ಹಗುರಾಯಿತು.

ಚಿಕ್ಕಮಾದಮ್ಮ ಬಾಯಿ ತೆರೆದಳು. ಆಮೇಲೆ ಜಗಲಿಯ ಕೆಳಗೆ ನೋಡಿದಳು. ಜವರಮ್ಮ ಸೆರಗಿನಿಂದ ಬೆವರು ಒರೆಸಿಕೊಂಡು, ಉತ್ತರ ಹೇಳು ಎನ್ನುವಂತೆ ನಗುತ್ತ ತಲೆಯಾಡಿಸಿದಳು.

"ಗಾಳಿ, ಬುದ್ಧೀ," ಎಂದಳು ಚಿಕ್ಕಮಾದಮ್ಮ.

ದೊಡ್ಡ ಡಾಕ್ಟರು ನಿಟ್ಟುಸಿರು ಬಿಟ್ಟು ಸೊನ್ನೆ ಹಾಕಿದರು. ರೋಗದ ಹೆಸರಿನಲ್ಲಿಯೇ ವಾಯು ಇದ್ದರೂ, ಉತ್ತರದಲ್ಲಿ ಅದಕ್ಕೆ ಅಂಕವಿರಲಿಲ್ಲ. ರುದ್ರಾಣಿ ಎದ್ದು ನಿಂತಳು. ಚಿಕ್ಕಮಾದಮ್ಮ ಅವಳನ್ನು ಒಂದು ಸಲ ನೋಡಿದಳು. ರುದ್ರಾಣಿ ಮತ್ತೆ ಕೂತಳು. ಅದೇ ಪ್ರಶ್ನೆ ಪುಟ್ಟಗೌರಮ್ಮನಿಗೆ ಹೋಯಿತು. ಅವಳು ಕಣ್ಣು ಮುಚ್ಚಿಕೊಂಡು, "ಅಶುದ್ಧ ಶಸ್ತ್ರದಿಂದ ನಾಭಿನಾಳವನ್ನು ಛೇದಿಸುವುದರಿಂದ," ಎಂದು ಒಂದೇ ಉಸಿರಿಗೆ ಹೇಳಿದಳು. ಜಗಲಿಯ ಕೆಳಗಿದ್ದ ಹೆಂಗಸರು ದೇವಸ್ಥಾನದಲ್ಲಿ ಶ್ಲೋಕ ಕೇಳಿದ ಹಾಗೆ ತಲೆದೂಗಿದರು. ಒಬ್ಬರಿಗೂ ಅರ್ಥವಾಗಲಿಲ್ಲ. ಪುಟ್ಟಗೌರಮ್ಮನಿಗೂ ಪೂರ್ತಿ ಆಗಿತ್ತೆಂದು ಹೇಳುವ ಹಾಗಿಲ್ಲ.

ಪುಟ್ಟಗೌರಮ್ಮ ಮೊದಲನೆಯ ದರ್ಜೆಯಲ್ಲಿ ಪಾಸಾದಳು. ಇನ್ನು ಮೂವರು ಹೇಗೋ ದಾಟಿಕೊಂಡರು. ಚಿಕ್ಕಮಾದಮ್ಮ ಫೇಲಾದಳು. ದೊಡ್ಡ ಡಾಕ್ಟರು ಹೊರಡುವಾಗ ರುದ್ರಾಣಿಯ ಬಳಿ ನಿಂತು, "ಬೇಸರ ಮಾಡಿಕೊಳ್ಳಬೇಡಮ್ಮ. ಆ ಹುಡುಗಿಯನ್ನು ಚೆನ್ನಾಗಿ ತಯಾರು ಮಾಡಿದ್ದೀಯ. ಇಂಥ ಮುದುಕಿಯರ ತಲೆಗೆ ಏನೂ ಹತ್ತೋಲ್ಲ," ಎಂದು ಸಮಾಧಾನ ಹೇಳಿದರು.

ಸಂಜೆ ಇಬ್ಬರೂ ಹೊಳೆದಂಡೆಯ ಮೇಲೆ ನಡೆದು ಬರುತ್ತಿದ್ದರು. ಕಪಿಲೆಯ ನೀರು ಕಾವೇರಿಗೆ ಸೇರುವ ಕಡೆ ಬಟ್ಟೆ ಒಗೆಯುವವರ ಸದ್ದಿತ್ತು. ರುದ್ರಾಣಿ ತಡೆಯಲಾರದೆ ಕೇಳಿದಳು. "ಗೊತ್ತಿದ್ದೂ ಗಾಳಿ ಅಂದೆಯಲ್ಲ ದೊಡ್ಡವ್ವ, ಯಾಕೆ?"

"ಜವರಿ ನಿಂತಿದ್ಲು, ನೋಡ್ನಿಲ್ವಾ? ಗಾಳಿ ತಕ್ಕೊಂಡೋಯ್ತು ಅಂತ ಇಪ್ಪತ್ತು ವರ್ಸದಿಂದ ಉಂಡು ಮನಗ್ತಾವ್ಳೆ. ಸರ್ಕಾರದೋರ ಮುಂದೆ ಒಂದು ಮಾತು ಏಳ್ಬುಟ್ಟು ಅವಳ ನಿದ್ದೆ ಕೆಡುಸ್ಲಾ?"

"ಅದಕ್ಕೇನಾ?"

"ನಂಗೂ ಭಯ ಆಯ್ತು ಕಣವ್ವ. ಯಾವುದು ಎಚ್ಚು ಅಂತ ನಂಗೇ ಗೊತ್ತಿಲ್ಲ. ಕೇಳ್ಬ್ಯಾಡ."

ಪುಟ್ಟಗೌರಮ್ಮ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿದಳು. ಅವಳನ್ನು ತಲಕಾಡಿನ ಕಡೆಗೆ ನೇಮಿಸಿದರು. ಅಲ್ಲಿ ಹೋದ ಮೊದಲ ವಾರವೇ ಅವಳು ಒಬ್ಬ ಅನುಭವಸ್ಥ ಮುದುಕಿಯನ್ನು ಹುಡುಕಿಕೊಂಡಳೆಂದು ಸುದ್ದಿ ಬಂತು. ಕೇಳಿ ರುದ್ರಾಣಿಗೆ ನಗು ಬಂತು. ಆಮೇಲೆ ತನ್ನನ್ನೇ ನೆನೆದು ನಗು ನಿಂತಿತು. ಸರ್ಟಿಫಿಕೇಟಿಲ್ಲದವರು ಹೆರಿಗೆ ಮಾಡಿಸಕೂಡದೆಂದು ಡಾಕ್ಟರು ಟಾಂಟಾಂ ಹೊಡೆಸಿದರು. ರುದ್ರಾಣಿ ಬೇಡಿಕೊಂಡ ಮೇಲೆ, ಚಿಕ್ಕಮಾದಮ್ಮನನ್ನು ಡಿಸ್ಪೆನ್ಸರಿಯಲ್ಲಿ ನೀರು ಕಾಯಿಸುವ ಕೆಲಸಕ್ಕೆ ಇಟ್ಟುಕೊಳ್ಳಲು ಒಪ್ಪಿದರು. ಆ ಕೆಲಸಕ್ಕೆ ಪರೀಕ್ಷೆ ಇರಲಿಲ್ಲ. ರುದ್ರಾಣಿ ಹೋದ ಕಡೆಗೆಲ್ಲ ಅವಳು ಹಂಡೆ ಹೊತ್ತು ಹೋಗುವಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ಯಾರು ಏನು ಮಾಡುತ್ತಾರೆಂದು ನೋಡಲು ಡಾಕ್ಟರು ಬರುತ್ತಿರಲಿಲ್ಲ.

ಕಾರ್ತಿಕದಲ್ಲಿ ಜವರಮ್ಮನ ಸೊಸೆಗೆ ದಿನ ತುಂಬಿತು. ಟಾಂಟಾಮಿಗೆ ಜವರಮ್ಮ ಕ್ಯಾರೇ ಅನ್ನಲಿಲ್ಲ. ಬೆಳಿಗ್ಗೆ ತಾನೇ ಬಂದು ಚಿಕ್ಕಮಾದಮ್ಮನನ್ನು ಕರೆದುಕೊಂಡು ಹೋದಳು. ರುದ್ರಾಣಿಯೂ ಹಿಂದೆ ಹೋದಳು. ಊಟದ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ಹೆರಿಗೆ ಸಲೀಸಾಗಿಯೇ ಆಯಿತು. ರುದ್ರಾಣಿ ಕತ್ತರಿಗೆ ಕೈ ಹಾಕುತ್ತಿದ್ದಂತೆ ಜವರಮ್ಮ ಅಡ್ಡ ಬಂದಳು. ಅವಳ ಒಂದು ಕೈಯಲ್ಲಿ ಮಸೆದ ಕುಡುಗೋಲು, ಇನ್ನೊಂದರಲ್ಲಿ ಬೂದಿ ಸಗಣಿ ಕಲಸಿದ ಕರಟ.

"ಆ ಕತ್ತರಿ ನಮ್ಮನೇಲಿ ಬ್ಯಾಡ. ಓದ ಸ್ವಾಮಾರ ನಂಜನಗೂಡಿಗೋಗಿದ್ದಾಗ ಅಯ್ನೋರನ್ನೇ ಕೇಳ್ಕೊಂಡು ಬಂದೀನಿ. ಅಂಥ ಕತ್ತರಿ ಗುಡಿಯಿಂದ ಯಾರ್ಗೂ ಕೊಟ್ಟಿಲ್ವಂತೆ. ತಕೋ ಚಿಕ್ಕಮಾದಮ್ಮ, ನೀನೇ ಕುಯ್ಯಿ. ನನ್ನ ಐದುಕ್ಕೂ ಇಂಗೇ ತಾನೆ ಮಾಡಿದ್ದು?"

"ಬ್ಯಾಡ ಜವರವ್ವ."

"ಯಾಕ್ ಬ್ಯಾಡ? ಆಗ ಆಗಿದ್ದು ಈಗ್ ಯಾಕ್ ಬ್ಯಾಡ?"

ರುದ್ರಾಣಿ ಮಧ್ಯೆ ಏನೋ ಹೇಳಹೋದಳು. ಚಿಕ್ಕಮಾದಮ್ಮ ಕೈ ಅಡ್ಡ ಹಿಡಿದು, ಜವರಮ್ಮನ ಕೈಯಿಂದ ಕುಡುಗೋಲು ತೆಗೆದುಕೊಂಡು ಗೋಡೆಯ ಪಕ್ಕ ಇಟ್ಟಳು. "ನಿನ್ನ ಎರಡು ಕೂಸು ಗಾಳಿಗೆ ಓಗ್ನಿಲ್ಲ ಕಣವ್ವ. ಇದುಕ್ಕೆ ಓದ್ವು. ನನ್ನ ಕೈಯಾಗಿನ ಇದುಕ್ಕೆ, ಈ ಬೂದಿಗೆ. ಆವಾಗ ಗೊತ್ತಿರ್ನಿಲ್ಲ. ಈಗ ಗೊತ್ತಾಗದೆ. ಈ ಕೂಸ್ನ ನಾನು ಕೊಲ್ಲಕಿಲ್ಲ."

ಜವರಮ್ಮ ಆ ಮಾತನ್ನು ಎರಡು ಸಲ ಕೇಳಿಸಿಕೊಂಡವಳ ಹಾಗೆ ನಿಂತಿದ್ದಳು. ಕರಟ ಅವಳ ಕೈಯಿಂದ ಬಿತ್ತು. ಅವಳು ಕೂಗಲಿಲ್ಲ, ಬೈಯಲಿಲ್ಲ. ಚಿಕ್ಕಮಾದಮ್ಮನ ರಟ್ಟೆ ಹಿಡಿದು ಬಾಗಿಲಿನವರೆಗೆ ನಡೆಸಿಕೊಂಡು ಹೋಗಿ, ಹೊರಗೆ ಬಿಟ್ಟು, ಬಾಗಿಲು ಮುಚ್ಚಿದಳು. ತಿರುಗಿ ರುದ್ರಾಣಿಗೆ, "ನೀನು ಮಾಡು," ಎಂದಳು.

ರುದ್ರಾಣಿ ಕತ್ತರಿಸಿದಳು, ಕಟ್ಟಿದಳು. ಮಾಸು ಬೀಳುವುದು ತಡವಾಯಿತು. ರಕ್ತ ಹೆಚ್ಚಾಗಿ ಹೋಗತೊಡಗಿತು. ಹೊಟ್ಟೆಯ ಮೇಲೆ ಕೈಯಿಟ್ಟು, ಒಳಗಿನದು ಗಟ್ಟಿಯಾಗುವ ತನಕ ನೀವಿದಳು, ಕಾದಳು, ಎಳೆಯಲಿಲ್ಲ. ಕೂಸನ್ನು ಮೊಲೆಗೆ ಹಚ್ಚಿಸಿದಳು, ಮತ್ತೆ ನೀವಿದಳು. ಕೊನೆಗೆ ಮಾಸು ಬಿತ್ತು, ರಕ್ತ ನಿಂತಿತು. ಬಾಣಂತಿ ಕಣ್ಣು ಬಿಟ್ಟು ನೀರು ಕೇಳಿದಳು. ಪುಸ್ತಕದ ಒಂದು ಪುಟವೂ ತನಗೆ ನೆನಪಾಗಲಿಲ್ಲವೆಂಬುದು ರುದ್ರಾಣಿಗೆ ಕೈ ತೊಳೆಯುವಾಗ ಹೊಳೆಯಿತು.

ಹೊರಗೆ ಬಂದಾಗ ಚಿಕ್ಕಮಾದಮ್ಮ ಗಾಣದ ಪಕ್ಕ ಬಿಸಿಲಿನಲ್ಲಿ ಕೂತಿದ್ದಳು.

"ಮಾಸು ಪೂರ್ತಿ ಬಂತಾ? ಅರ್ಡಿ ನೋಡ್ದಾ?"

"ಹರಡಿ ನೋಡಿದೆ. ಪೂರ್ತಿ ಬಂತು."

"ಉಂ," ಎಂದು ಅವಳು ಹಂಡೆ ಎತ್ತಿಕೊಂಡಳು.

ಏಳನೆಯ ದಿನ ಕಳೆಯಿತು, ಎಂಟನೆಯದೂ ಕಳೆಯಿತು. ಕೂಸು ಮೊಲೆ ಕುಡಿದು ದುಂಡಗಾಯಿತು. ಜವರಮ್ಮ ಆ ಕೋಣೆಯಲ್ಲಿ ಕೇಳಿದ್ದನ್ನು ಯಾರಿಗೂ ಬಾಯಿ ಬಿಡಲಿಲ್ಲ. ಆದರೆ ಬಾವಿಕಟ್ಟೆಯಲ್ಲಿ, ಸಂತೆಯಲ್ಲಿ, ಕೇಳಿದವರಿಗೂ ಕೇಳದವರಿಗೂ, "ಆ ಚಿಕ್ಕಮಾದಿನ ಕರೀಬ್ಯಾಡ್ರಿ, ಆ ನಂಜನಗೂಡಿನ ಹುಡುಗೀನ ಕರೀರಿ," ಎನ್ನುತ್ತ ಬಂದಳು. ಜವರಮ್ಮನ ಮಾತಿಗೆ ಊರಿನಲ್ಲಿ ಬೆಲೆಯಿತ್ತು. ಮುಂಡೆಯ ಮುಖವೆಂದು ಬಾಗಿಲು ಹಾಕಿಕೊಂಡಿದ್ದ ಮನೆಗಳವರೇ ಗಾಡಿ ಕಟ್ಟಿಕೊಂಡು ಬಂದು ರುದ್ರಾಣಿಯನ್ನು ಕರೆದೊಯ್ಯತೊಡಗಿದರು. ಟಾಂಟಾಮಿನಿಂದಲೇ ಇದೆಲ್ಲ ಆಯಿತೆಂದು ಅಳಸಿಂಗಯ್ಯಂಗಾರ್ಯರು ವರ್ಷದ ವರದಿಯಲ್ಲಿ ಬರೆದರು. ಅವರಿಗೆ ಮೇಲಿನಿಂದ ಮೆಚ್ಚುಗೆಯ ಕಾಗದ ಬಂತು.

ಜವರಮ್ಮ ಚಿಕ್ಕಮಾದಮ್ಮನ ಜೊತೆ ಮತ್ತೆ ಮಾತಾಡಲಿಲ್ಲ. ದಾರಿಯಲ್ಲಿ ಎದುರಾದರೆ ಮುಖ ತಿರುಗಿಸುವಳು. ಚಿಕ್ಕಮಾದಮ್ಮ ಪಕ್ಕಕ್ಕೆ ಸರಿದು ನಿಂತು ದಾರಿ ಬಿಡುವಳು.

ಎರಡು ವರ್ಷ ಬಿಟ್ಟು ಜವರಮ್ಮನ ಸೊಸೆ ಮತ್ತೆ ಬಸುರಿಯಾದಳು. ಈ ಸಲ ಹೊಟ್ಟೆ ಅಡ್ಡಡ್ಡ ಬೆಳೆದ ಹಾಗಿತ್ತು. ನೋವು ಕಾಣಿಸಿಕೊಂಡ ಬೆಳಿಗ್ಗೆ ಜವರಮ್ಮ ಡಿಸ್ಪೆನ್ಸರಿಗೆ ಬಂದು, ರುದ್ರಾಣಿ ಚೀಲ ಎತ್ತಿಕೊಳ್ಳುವ ತನಕ ಬಾಗಿಲಲ್ಲಿಯೇ ನಿಂತಿದ್ದಳು. ಚಿಕ್ಕಮಾದಮ್ಮ ಒಲೆಯ ಮುಂದೆ ಬೆನ್ನು ಹಾಕಿ ಕೂತಿದ್ದಳು, ಏಳಲಿಲ್ಲ. ಜವರಮ್ಮ ಒಲೆಯ ಕಡೆ ನೋಡದೆಯೇ ಅಂದಳು.

"ಬರುವಾಗ ಆ ನೀರು ಕಾಯಿಸೋಳ್ನೂ ಕರ್ಕೊಂಡು ಬಾ."